ಸೋಮವಾರದ ತೂಕ

ಶಂಭುಲಿಂಗನಿಗೆ ಒಂದೆಡೆ ಕೂರುವುದು ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿದ್ದಾಗ ಕಾಲು ಕುಣಿಸಿ ಕುಣಿಸಿ ಪಕ್ಕದವರ ಓದು ಕೆಡಿಸುತ್ತಿದ್ದವನು, ಡಿಪ್ಲೊಮಾ ಮುಗಿದ ಮೇಲೆ ಆ ಚಡಪಡಿಕೆಯನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ. ಮನೆ ಇದ್ದದ್ದು ರೋಣದಲ್ಲಿ. ಆದರೆ ಮನೆಯವರಿಗೆ ಅವನ ಮುಖ ಕಾಣುತ್ತಿದ್ದದ್ದು ಉಣ್ಣುವ ಹೊತ್ತಿಗೆ ಮಾತ್ರ. ಮಿಕ್ಕಂತೆ ನರಗುಂದ, ಗಜೇಂದ್ರಗಡ, ನಡುವಿನ ಹಳ್ಳಿಗಳು, ಬೈಕು.

ಅವನ ಕೆಲಸ ಹೇಳಲು ಸುಲಭ. ತೂಕದ ಯಂತ್ರವಿರಲಿ, ಕಾಳಿನ ತೇವ ನೋಡುವ ಯಂತ್ರವಿರಲಿ, ಅದರ ಬೆನ್ನಿಗೆ ಸೀರಿಯಲ್ ಪೋರ್ಟ್ ಎಂಬ ಒಂಬತ್ತು ಸೂಜಿಗಳ ಕಿಂಡಿ ಇದ್ದರೆ ಸಾಕು. ಅಲ್ಲಿಂದ ಕಂಪ್ಯೂಟರಿಗೆ ಕೇಬಲ್ಲು ಎಳೆದು, ಯಂತ್ರ ತೋರಿಸಿದ ಅಂಕಿ ತಾನಾಗಿಯೇ ಎಕ್ಸೆಲ್ ಹಾಳೆಯ ಸಾಲಿಗೆ ಬಂದು ಬೀಳುವ ಹಾಗೆ ಮಾಡಿಕೊಡುತ್ತಿದ್ದ. ಬರೆಯುವುದು ಬೇಡ, ಟೈಪು ಮಾಡುವುದು ಬೇಡ. ಹಾಳೆಗೆ ಬೀಗ ಬೇರೆ. ಬಿದ್ದ ಅಂಕಿಯನ್ನು ಯಾರೂ ತಿದ್ದುವ ಹಾಗಿಲ್ಲ. ಗಿರಾಕಿಗಳ ಮುಂದೆ ಅವನು ಯಾವಾಗಲೂ ಹೇಳುವ ಮಾತು ಒಂದೇ: "ನಡುವ ಮನಷ್ಯಾ ಇಲ್ಲಂದ್ರ ಸುಳ್ಳೂ ಇಲ್ರಿ."

ಆ ಸೋಮವಾರ ಅವನು ಹೊರಟದ್ದು ನರಗುಂದಕ್ಕೆ. ಅಲ್ಲಿಯ ಕಡಲೆ ವ್ಯಾಪಾರಿಯೊಬ್ಬರು ತಮ್ಮ ಗೋದಾಮಿಗೆಲ್ಲ ಇದೇ ವ್ಯವಸ್ಥೆ ಬೇಕೆಂದಿದ್ದರು. ಶಂಭುಲಿಂಗನಿಗೆ ಅಷ್ಟು ದೊಡ್ಡ ಕೆಲಸ ಅದುವರೆಗೆ ಸಿಕ್ಕಿರಲಿಲ್ಲ. ಬೈಕಿಗೆ ಕಿಕ್ ಹೊಡೆಯುವಷ್ಟರಲ್ಲಿ ಗಜೇಂದ್ರಗಡದಿಂದ ಗುರುಸಂಗಪ್ಪನ ಫೋನು ಬಂತು.

"ನರಗುಂದಕ್ಕ ಆಮ್ಯಾಲ ಹೋಗು. ಮೊದಲ ಇಲ್ಲಿ ಬಾ. ವೀರವ್ವ ಬರ್ತಾಳ ಇವತ್ತ."

"ಶುಕ್ರವಾರ ಬಂದು ನೋಡೇನೆಲ್ರಿ ಸಾವಕಾರ್ರ. ತಕ್ಕಡಿ ಬರೋಬ್ಬರಿ ಐತಿ."

"ಅದನ್ನ ಅಕಿ ಮುಂದ ನಿಂತು ಹೇಳು. ನಾಕು ಮಂದಿ ಕೇಳ್ಲಿ. ನರಗುಂದದವರು ನಮ್ಮ ಬೀಗರು, ಹೊತ್ತಾದ್ರ ನಾ ಹೇಳ್ತೀನಿ."

ಬೀಗರು ಎಂಬ ಮಾತಿಗೆ ಎದುರಾಡುವಂತಿರಲಿಲ್ಲ. ಶಂಭುಲಿಂಗ ಬೈಕು ತಿರುಗಿಸಿದ.

ಗುರುಸಂಗಪ್ಪ ನೇಯುವವರಿಗೆ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ವ್ಯಾಪಾರಿ. ನೂಲು ಹೋಗುವಾಗ ತೂಕ, ಸೀರೆ ಬರುವಾಗ ತೂಕ. ನಡುವೆ ಎಳೆ ಹರಿದು, ಧೂಳಾಗಿ ಹತ್ತು ಹನ್ನೆರಡು ಗ್ರಾಂ ಕಡಿಮೆಯಾಗುವುದು ಇದ್ದದ್ದೇ. ಅದಕ್ಕಿಂತ ಹೆಚ್ಚು ಕಡಿಮೆ ಬಂದರೆ ಅದಕ್ಕೆ ಕಸರು ಎನ್ನುತ್ತಿದ್ದರು. ಕಸರು ಎಂದರೆ ನೂಲು ಎಲ್ಲೋ ಹೋಗಿದೆ ಎಂದರ್ಥ, ಎಲ್ಲಿಗೆ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮೂರು ಸಲ ಕಸರು ಬಿದ್ದರೆ ನೂಲು ನಿಲ್ಲುತ್ತಿತ್ತು. ಗುರುಸಂಗಪ್ಪ ನಿಲ್ಲಿಸಿದವರಿಗೆ ಊರಿನ ಬೇರೆ ವ್ಯಾಪಾರಿಗಳೂ ನೂಲು ಕೊಡುತ್ತಿರಲಿಲ್ಲ. ಮಗ್ಗ ಮೂಲೆ ಸೇರುತ್ತಿತ್ತು.

ಪಕ್ಕದ ಹಳ್ಳಿ ಪುರ್ತಗೇರಿಯ ವೀರವ್ವನಿಗೆ ಎರಡು ಸಲ ಬಿದ್ದಿತ್ತು. ಇಂದು ಮೂರನೆಯ ಸೀರೆ.

ಶುಕ್ರವಾರ ಅವನು ಉಕ್ಕಿನ ಅರ್ಧ ಕಿಲೋ ತೂಕದ ಬಟ್ಟು ಇಟ್ಟು ನೋಡಿದ್ದ. ಪರದೆಯ ಮೇಲೆ ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಿದ್ದ ಮೇಲೆ ವೀರವ್ವ ನೂಲು ಕದಿಯುತ್ತಾಳೆ, ಅಷ್ಟೇ. ಜನ ಕದಿಯುತ್ತಾರೆ, ಅದರಲ್ಲಿ ಆಶ್ಚರ್ಯಪಡುವಂಥದ್ದು ಅವನಿಗೆ ಏನೂ ಕಾಣಲಿಲ್ಲ.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಮವಾರ ಯಾವಾಗಲೂ ಹೀಗೇ. ಊರಿನ ನೇಯುವ ಹೆಂಗಸರು ಸೀರೆಯನ್ನು ವಾರದ ಯಾವ ದಿನವಾದರೂ ತಂದು ಹಾಕುತ್ತಿದ್ದರು, ನೂಲಿಗೆ ಮಾತ್ರ ಸೋಮವಾರವೇ ಬರುತ್ತಿದ್ದರು. ಊದುಬತ್ತಿಯ ಹೊಗೆ ಇನ್ನೂ ತೇಲುತ್ತಿತ್ತು. ತಕ್ಕಡಿಯ ತಟ್ಟೆಯ ಅಂಚಿಗೆ ಕುಂಕುಮ, ತಕ್ಕಡಿಯದೇ ಆದ ಸಣ್ಣ ಅಂಕಿಗಾಜಿನ ಮೇಲೆ ದಪ್ಪನೆಯ ಮೂರು ಪಟ್ಟೆ ವಿಭೂತಿ. ಆ ಗಾಜನ್ನು ಈಗ ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅಂಗಡಿಯ ಲೆಕ್ಕ ನೋಡುವ ಮಧುಮತಿಯ ಮುಂದಿದ್ದ ದೊಡ್ಡ ಪರದೆಯ ಮೇಲೆ. ಗಾಜಿನ ಕೆಳಗಿನ ಗುಂಡಿಗಳಿಗೆ ಕಂದು ಬಣ್ಣದ ಟೇಪು ಅಂಟಿಸಿತ್ತು. ಮಧುಮತಿ ಸೊನ್ನೆ ಮಾಡುವ ಗುಂಡಿ ಒತ್ತಿ ತೂಕ ಹೊಡೆಯುತ್ತಾಳೆ ಎಂದು ಹೆಂಗಸರು ಗುಸುಗುಸು ಮಾಡಿದ ದಿನವೇ ಗುರುಸಂಗಪ್ಪ ಅದನ್ನು ತಾನೇ ಅಂಟಿಸಿದ್ದ.

"ಬರ್ರಿ ಇಂಜಿನೇರ್ರ," ಎಂದಳು ಮಧುಮತಿ, ಕುರ್ಚಿಯಿಂದ ಏಳದೆ. "ನಿಮ್ಮ ಮಿಶನ್ ಮ್ಯಾಲ ಕಂಪ್ಲೇಂಟ್ ಐತಂತ. ನನ್ನ ಮ್ಯಾಲಿತ್ತು ಮೊದಲ. ಈಗ ನಿಮಗ ಬಡ್ತಿ ಆತು."

"ಮಿಶನ್ ಮಾತಾಡಿದ್ರ ಅದ ಉತ್ರ ಕೊಡ್ತಿತ್ತು."

"ಮಾತಾಡೂದಿಲ್ಲಂತನ ನಿಮ್ಮನ್ನ ಕರಸ್ಯಾರ."

ಮುಂದೆ ಕೂತಿದ್ದ ಸಿದ್ದಲಿಂಗವ್ವ ಎಲೆಯಡಿಕೆ ಒಂದು ದವಡೆಗೆ ಸರಿಸಿ, "ಲಗೂ ಮುಗಸ್ರಿ ಯಪ್ಪಾ, ನಮಗ ನೂಲ ಬೇಕು," ಎಂದಳು.

"ನಾಳಿ ಬಂದ್ರ ನೂಲ ಕೊಡೂದಿಲ್ಲೇನು ಅತ್ತಿ?" ಎಂದ ಶಂಭುಲಿಂಗ.

"ನಾಳಿ ನೂಲ ನಾಳಿಗೇ ಮುಗೀತೈತಿ. ಸೋಮವಾರದ ನೂಲಿಗೆ ಬರಕತ್ ಐತಿ ತಮ್ಮಾ. ಸಾವಕಾರ್ರು ಪೂಜಿ ಮಾಡಿ ಕೊಟ್ಟಿದ್ದು ಸೀರಿ ಮುಗದರೂ ಉಳೀತೈತಿ."

ಹಿಂದಿನಿಂದ ಯಾರೋ ಅವಳ ಪಕ್ಕೆಗೆ ತಿವಿದರು. ಸಿದ್ದಲಿಂಗವ್ವ ಬಾಯಿ ಮುಚ್ಚಿ ಮತ್ತೆ ಎಲೆಯಡಿಕೆ ಅಗಿಯತೊಡಗಿದಳು. ಗಾದಿಯ ಮೇಲೆ ಕೂತಿದ್ದ ಗುರುಸಂಗಪ್ಪನಿಗೆ ಬರಕತ್ತಿನ ಮಾತು ಮಾತ್ರ ಕೇಳಿಸಿತ್ತು. ಅವನ ಮುಖ ಅರಳಿತು. "ನಮ್ಮಪ್ಪ ಹಾಕಿಕೊಟ್ಟ ಪದ್ಧತಿ ಅದು. ಸೋಮವಾರ ಖಾಲಿ ತಕ್ಕಡಿ ತೆರೀಬಾರದು."

ಅಷ್ಟರಲ್ಲಿ ವೀರವ್ವ ಬಂದಳು. ಎತ್ತರದ, ಎಲುಬು ಕಾಣುವ ಹೆಂಗಸು. ಹೊರಗೆ ಅವಳ ಗಂಡ ಹೂವಪ್ಪ ಮೊಪೆಡ್ಡಿನ ಮೇಲೆ ಕೂತೇ ಇದ್ದ. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವಂತಿಲ್ಲ. ಹಾಗಾಗಿ ವಾರದಲ್ಲಿ ಅವಳನ್ನು ಕರೆತರಲು ಅವನಿಗೆ ಬಿಡುವಿದ್ದದ್ದು ಅದೊಂದೇ ದಿನ. ಅಂಗಡಿಯಲ್ಲಿ ತೂಗಿ ಕಳಿಸಿದ ನೂಲನ್ನಂತೂ ಶನಿವಾರ ಗೌಸುಸಾಬನ ಟಂಟಂ ಗಾಡಿ ಮನೆ ಬಾಗಿಲಿಗೇ ಮುಟ್ಟಿಸುತ್ತಿತ್ತು.

ವೀರವ್ವ ಯಾರಿಗೂ ನಮಸ್ಕಾರ ಮಾಡಲಿಲ್ಲ. ಪಂಜೆಯ ಗಂಟು ಬಿಚ್ಚಿ ಸೀರೆಯನ್ನು ತಟ್ಟೆಯ ಮೇಲಿಟ್ಟಳು. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು.

ಪರದೆಯ ಮೇಲೆ ಅಂಕಿ ಏರಿ, ಒಂದು ಗಳಿಗೆ ಅಲುಗಾಡಿ, ನಿಂತಿತು. ಟಕ್ಕೆಂದು ಹಾಳೆಯಲ್ಲಿ ಹೊಸ ಸಾಲು ಬಿತ್ತು. ಮಧುಮತಿ ಓದಲಿಲ್ಲ. ಗುರುಸಂಗಪ್ಪನೇ ಕುತ್ತಿಗೆ ಚಾಚಿ ಓದಿದ.

"ಐದುನೂರಾ ನಲವತ್ತೆಂಟು. ಆರುನೂರು ಒಯ್ದಾಕಿ ನೀನು."

"ಇನ್ನೊಮ್ಮೆ ನೋಡ್ರಿ."

"ಮಿಶನ್ ತಂದಾಂವ ಇಲ್ಲೇ ಅದಾನ. ಕೇಳು ಅವನ್ನ."

ಎಲ್ಲರೂ ಶಂಭುಲಿಂಗನ ಕಡೆ ತಿರುಗಿದರು. ಅವನು ಕಾಲು ಬದಲಿಸಿ ನಿಂತ. "ಶುಕ್ರವಾರ ಬಟ್ಟು ಇಟ್ಟು ನೋಡೇನ್ರಿ," ಎಂದ. "ಬರೋಬ್ಬರಿ ಐತಿ."

"ಬಟ್ಟು ಇವತ್ತ ಇಡು," ಎಂದಳು ವೀರವ್ವ.

ಬಟ್ಟು ಇರಲಿಲ್ಲ. ತೋರಿಸಲೆಂದು ಶನಿವಾರವೇ ನರಗುಂದದಲ್ಲಿ ಬಿಟ್ಟು ಬಂದಿದ್ದ. ಅವನು ಹಾಗೆಂದಾಗ ಹಿಂದೆ ಯಾರೋ ಕಿಸಕ್ಕೆಂದರು. ವೀರವ್ವ ನಗಲಿಲ್ಲ. ಸೀರೆಯನ್ನು ಎತ್ತಿ ಎದೆಗೆ ಅವಚಿಕೊಂಡಳು. "ನಾನು ಒಂದ ಎಳಿ ಮುಟ್ಟಿಲ್ಲ. ಮಗ್ಗ ಬೇಕಂದ್ರ ಬಂದು ನೋಡ್ರಿ. ನೂಲ ನಿಲ್ಲಸ್ರಿ, ಬ್ಯಾಡನ್ನೂದಿಲ್ಲ. ಕಳ್ಳಿ ಅಂತ ಬರದು ನಿಲ್ಲಸಬ್ಯಾಡ್ರಿ."

"ನಾನೇನು ಬರದಿಲ್ಲವಾ. ಅದ ಬರೀತೈತಿ," ಎಂದು ಗುರುಸಂಗಪ್ಪ ಪರದೆ ತೋರಿಸಿದ.

ಆಗ ಕರೆಂಟು ಹೋಯಿತು.

ಫ್ಯಾನು ಉಸಿರು ಬಿಟ್ಟಂತೆ ನಿಧಾನಿಸಿತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದು ಕುಂಯ್ಗುಡುತ್ತ ಉಳಿಯಿತು. ತಕ್ಕಡಿಯೊಳಗಿನ ಬ್ಯಾಟರಿ ಎಂದೋ ಸತ್ತಿತ್ತು, ಹೊಸದು ಹಾಕಿಸಿರೆಂದು ಶಂಭುಲಿಂಗ ಹೇಳುತ್ತಲೇ ಇದ್ದ. ಹೆಂಗಸರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ವೀರವ್ವನ ಗಂಡನ ಬಗ್ಗೆ, ಅವಳ ಹೊಸ ಬಳೆಗಳ ಬಗ್ಗೆ ಸಣ್ಣ ದನಿಯಲ್ಲಿ ಮಾತಾಡಿಕೊಂಡರು. ವೀರವ್ವ ಕದಲಲಿಲ್ಲ. ಶಂಭುಲಿಂಗನ ಫೋನು ನಡುಗಿತು. ನರಗುಂದ. ಅವನು ಕಿಸೆಯಲ್ಲೇ ಅದರ ಬಾಯಿ ಒತ್ತಿದ.

ಕರೆಂಟು ಬಂತು. ತಕ್ಕಡಿ ಪೀಂ ಎಂದಿತು. ಯಾರೂ ಏನೂ ಹೇಳುವ ಮೊದಲೇ ವೀರವ್ವ ಸೀರೆಯನ್ನು ಮತ್ತೆ ತಟ್ಟೆಯ ಮೇಲಿಟ್ಟಳು.

ಐದುನೂರಾ ತೊಂಬತ್ತು.

ಹೊಸ ಸಾಲು ಬಿತ್ತು. ಒಂದರ ಕೆಳಗೊಂದು ಎರಡು ಸಾಲು, ಒಂದೇ ಸೀರೆ, ಎರಡು ತೂಕ. ಮಧುಮತಿ ಬಾಯಿಗೆ ಕೈ ಹಿಡಿದಳು.

"ಏನ ತುಂಬಿದಿ ಅದರಾಗ?" ಎಂದ ಗುರುಸಂಗಪ್ಪ, ಗಾದಿಯಿಂದ ಎದ್ದು.

"ನೀರ ಸುರುವಿರಬೇಕು," ಎಂದರು ಒಬ್ಬರು. "ಪದರಿನ್ಯಾಗ ಏನರ ಇಟ್ಟಿರ್ತಾಳ, ಝಾಡಸ್ರಿ," ಎಂದರು ಇನ್ನೊಬ್ಬರು. ಸಿದ್ದಲಿಂಗವ್ವ ಸೀರೆಯ ಒಂದು ತುದಿ ಹಿಡಿದು ಎಳೆದಳು. ವೀರವ್ವ ತಾನೇ ಇನ್ನೊಂದು ತುದಿ ಹಿಡಿದು ಇಡೀ ಸೀರೆಯನ್ನು ಅಂಗಡಿಯ ಉದ್ದಕ್ಕೆ ಝಾಡಿಸಿದಳು. ಏನೂ ಬೀಳಲಿಲ್ಲ. ಹೊಸ ನೂಲಿನ ಗಂಜಿವಾಸನೆ ಮಾತ್ರ ಹರಡಿತು. ಆದರೂ ಗಲಾಟೆ ನಿಲ್ಲಲಿಲ್ಲ. ಕತ್ತಲೆ ಆಗಿರಲೂ ಇಲ್ಲ, ಹಾಡುಹಗಲು. ಎಲ್ಲರ ಕಣ್ಣೆದುರೇ ಅವಳು ನಿಂತಿದ್ದಳು. ಆದರೂ ಏನೋ ಮಾಡಿರಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಫೋನು ಮತ್ತೆ ನಡುಗಿತು. ಶಂಭುಲಿಂಗ ಅದನ್ನು ಹಿಡಿದುಕೊಂಡು ಬಾಗಿಲಿಗೆ ಬಂದ. ಇಲ್ಲಿಂದ ಹೀಗೇ ಹೊರಟುಬಿಡಬಹುದಿತ್ತು. ಮಧ್ಯಾಹ್ನದೊಳಗೆ ನರಗುಂದ ಮುಟ್ಟಬಹುದಿತ್ತು. ಕರೆಂಟಿನ ದೋಷ ಎಂದು ಒಂದು ಮಾತು ಹೇಳಿದರೆ ಗುರುಸಂಗಪ್ಪ ನಂಬುತ್ತಿದ್ದ. ಮೊಪೆಡ್ಡಿನ ಮೇಲಿದ್ದ ಹೂವಪ್ಪ ಅವನನ್ನು ನೋಡಿ, "ಮುಗೀತೇನ್ರಿ?" ಎಂದು ಕೇಳಿದ.

ಶಂಭುಲಿಂಗನಿಗೆ ವೀರವ್ವನ ಮೇಲೆ ಕನಿಕರವೇನೂ ಹುಟ್ಟಿರಲಿಲ್ಲ. ಅವನನ್ನು ಕೊರೆಯುತ್ತಿದ್ದದ್ದು ಆ ಎರಡು ಸಾಲು. ನಲವತ್ತೆರಡು ಗ್ರಾಂ. ತೊಂಬತ್ತಲ್ಲ, ನೂರಲ್ಲ. ನಲವತ್ತೆರಡು ಗ್ರಾಂ ಕರೆಂಟಿನಿಂದ ಬರುವುದಿಲ್ಲ. ಅದು ಯಾವುದೋ ವಸ್ತುವಿನ ತೂಕ.

ಅವನು ಒಳಗೆ ಬಂದು ಮಧುಮತಿಯ ಕಿವಿಯ ಹತ್ತಿರ ಬಗ್ಗಿದ. "ಬೆಳಿಗ್ಗೆ ತಕ್ಕಡಿ ಚಾಲೂ ಮಾಡಿದಾರು ಯಾರು?"

"ಸೋಮವಾರ ಸಾವಕಾರ್ರ ಮಾಡ್ತಾರ. ಉಳಿದ ದಿನ ನಾನು."

"ಚಾಲೂ ಮಾಡೂ ಮುಂದ ಮ್ಯಾಲ ಏನರ ಇತ್ತೇನು?"

ಮಧುಮತಿ ದೇವರ ಗೂಡಿನ ಕಡೆ ನೋಡಿದಳು. ಅಲ್ಲಿ ಹಿತ್ತಾಳೆಯ ತಟ್ಟೆಯಲ್ಲಿ ಬಿಲ್ವಪತ್ರೆ, ಅದರ ಮೇಲೆ ಬಳಸಿ ಬಳಸಿ ಅಂಚು ಸವೆದ ವಿಭೂತಿ ಗಟ್ಟಿ. "ಖಾಲಿ ತಕ್ಕಡಿ ತೆರೀಬಾರದಂತ ಗಟ್ಟಿ ಇಟ್ಟು ಚಾಲೂ ಮಾಡ್ತಾರ. ಆಮ್ಯಾಲ ಎತ್ತಿ ಅಲ್ಲಿಡ್ತಾರ," ಎಂದಳು. ಹೇಳುತ್ತಲೇ ಅವಳಿಗೂ ಹೊಳೆಯಿತು. "ಅಯ್ಯ ಶಿವನ."

ಗುರುಸಂಗಪ್ಪನ ಅಪ್ಪನ ಕಾಲದ ತಕ್ಕಡಿಗೆ ಎರಡು ತೂಗುತಟ್ಟೆಗಳಿದ್ದವು. ಗಟ್ಟಿ ಇಟ್ಟರೆ ವಾಲುತ್ತಿತ್ತು, ತೆಗೆದರೆ ಸಮವಾಗುತ್ತಿತ್ತು. ಈ ತಕ್ಕಡಿ ಕಣ್ಣು ಬಿಡುವ ಗಳಿಗೆಯಲ್ಲಿ ಮೈಮೇಲೆ ಏನಿದ್ದರೂ ಅದನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಕರೆಂಟು ಬಂದಾಗ ತಟ್ಟೆ ಖಾಲಿಯಿತ್ತು, ಬೆಳಿಗ್ಗೆ ಅದರ ಮೇಲೆ ಗಟ್ಟಿಯಿತ್ತು. ಗಟ್ಟಿ ಎತ್ತಿದ ಮೇಲೆ ಇಡೀ ದಿನ ಪ್ರತಿ ತೂಕದಲ್ಲೂ ಗಟ್ಟಿಯಷ್ಟು ಕಡಿಮೆ. ಅದನ್ನೂ ತಕ್ಕಡಿ ಮುಚ್ಚಿಡುವುದಿಲ್ಲ, ಖಾಲಿ ಇದ್ದಾಗ ಮೈನಸ್ ತೋರಿಸುತ್ತಲೇ ಇರುತ್ತದೆ.

ಹಾಗಾದರೆ ಪರದೆಯ ಮೇಲೆ ಯಾಕೆ ಕಾಣಲಿಲ್ಲ? ಉತ್ತರ ಅವನಿಗೆ ಗೊತ್ತಿತ್ತು. ಯಂತ್ರ ಕೂರಿಸಿದ ದಿನ ಫ್ಯಾನಿನ ಗಾಳಿಗೆ ಕೊನೆಯ ಅಂಕಿಗಳು ಕುಣಿಯುತ್ತಿದ್ದವು. ಹಿಂಗ ಕುಣಿದ್ರ ಹೆಣ್ಮಕ್ಕಳು ಸಂಶೆ ಪಡ್ತಾರ, ನಿಲ್ಲಸು ಅದನ್ನ, ಎಂದಿದ್ದ ಗುರುಸಂಗಪ್ಪ. ಶಂಭುಲಿಂಗ ಚಹಾ ಆರುವಷ್ಟರಲ್ಲಿ ಒಂದು ಸಾಲು ಬರೆದು ಸೇರಿಸಿದ್ದ: ಐವತ್ತು ಗ್ರಾಮಿಗಿಂತ ಕೆಳಗೆ ಏನೇ ಬಂದರೂ ಸೊನ್ನೆ ತೋರಿಸು. ಮೈನಸ್ ನಲವತ್ತೆರಡೂ ಐವತ್ತಕ್ಕಿಂತ ಕೆಳಗೇ. ತಕ್ಕಡಿ ಪ್ರತಿ ಸೋಮವಾರ ಖರೇ ಹೇಳಿತ್ತು, ಇವನ ಸಾಲು ಅದರ ಬಾಯಿ ಮುಚ್ಚಿಸಿತ್ತು.

ಅವನು ದೇವರ ಗೂಡಿಗೆ ಕೈ ಹಾಕಿ ಗಟ್ಟಿ ಎತ್ತಿಕೊಂಡ.

"ಏ! ಚಪ್ಪಲಿ ಮೆಟಗೊಂಡು!" ಎಂದು ಗುರುಸಂಗಪ್ಪ ಕೂಗಿದ.

ಶಂಭುಲಿಂಗ ಚಪ್ಪಲಿ ಬಿಟ್ಟ, ಗಟ್ಟಿಯನ್ನು ಬಿಡಲಿಲ್ಲ. ತಕ್ಕಡಿಯ ಮೇಲಿಟ್ಟು, ಹೆಬ್ಬೆರಳಿನಿಂದ ಗಾಜಿನ ಮೇಲಿನ ವಿಭೂತಿಯನ್ನು ಒರೆಸಿದ. ಹೆಂಗಸರು ಹಾ ಎಂದರು. ಬಿಳಿ ಹೋಗಿ ಕೆಂಪು ಅಂಕಿ ಕಂಡಿತು. ಗಟ್ಟಿಯ ತೂಕ ನಲವತ್ತೆರಡು. ಅವನು ಸ್ವಿಚ್ಚು ಆರಿಸಿ, ಗಟ್ಟಿ ಮೇಲಿದ್ದ ಹಾಗೆಯೇ ಮತ್ತೆ ಹಾಕಿದ. ಸೊನ್ನೆ. ಗಟ್ಟಿ ಎತ್ತಿದ. ಗಾಜಿನಲ್ಲಿ ಮೈನಸ್ ನಲವತ್ತೆರಡು. ಮಧುಮತಿಯ ಪರದೆಯಲ್ಲಿ ಮಾತ್ರ ಶಾಂತವಾದ ಸೊನ್ನೆ.

"ಸೀರಿ ಇಡಬೇ ಈಗ," ಎಂದ.

ವೀರವ್ವ ಇಟ್ಟಳು. ಐದುನೂರಾ ನಲವತ್ತೆಂಟು.

ಗುರುಸಂಗಪ್ಪ ಮೂರು ಅಂಕಿಗಳನ್ನೂ ನೋಡಿದ. ದಡ್ಡನಲ್ಲ, ಅರ್ಥವಾಯಿತು. ಅರ್ಥವಾದದ್ದಕ್ಕೇ ಮುಖ ಕೆಂಪಾಯಿತು. "ಅಂದ್ರ? ನನ್ನ ಪೂಜಿ ಕಳ್ಳತನ ಮಾಡಿತಂತೀ?"

"ಪೂಜಿ ಅಲ್ರಿ. ನನ್ನ ಪ್ರೋಗ್ರಾಮೂ ತಪ್ಪೈತಿ."

"ನಿಂದ ತಪ್ಪಂತ ಹೇಳು ಹಂಗಾದ್ರ. ಗಟ್ಟಿ ಸುದ್ದಿ ಯಾಕ? ಸೋಮವಾರಕ್ಕ ನಲವತ್ತೆರಡು ಕೂಡಸೂ ಹಂಗ ಮಾಡು, ಮುಗೀತು."

"ಗಟ್ಟಿ ಸವೀತೈತ್ರಿ. ಮುಂದಿನ ವಾರ ನಲವತ್ತು ಆಗಿರ್ತೈತಿ. ಹೊಸಾದು ತಂದ್ರ ಎಂಬತ್ತು."

"ಸವದಂಗ ನೀ ಬಂದು ಸರಿ ಮಾಡು! ಅದಕ್ಕ ನಿನ್ನ ಇಟಗೊಂಡದ್ದು." ಗುರುಸಂಗಪ್ಪ ದನಿ ತಗ್ಗಿಸಿದ. "ನರಗುಂದದವರಿಗೆ ಫೋನ್ ಮಾಡಬೇಕು ನಾನು. ಏನ ಹೇಳ್ಲಿ ಅವರಿಗೆ?"

ಆ ಹೊತ್ತಿಗೆ ಮಧುಮತಿ, ಯಾರನ್ನೂ ನೋಡದೆ, ಕೀಬೋರ್ಡಿನ ಧೂಳು ಊದುತ್ತ ಹೇಳಿದಳು: "ಸಾವಕಾರ್ರ, ನೂಲ ಕೊಡೂ ಮುಂದನೂ ಇದ ತಕ್ಕಡಿ ಅಲ್ರಿ?"

"ಹೌದು. ಏನೀಗ?"

"ಹಂಗಾದ್ರ ಸೋಮವಾರ ನಾವು ಆರುನೂರು ಅಂತ ಕೊಟ್ಟದ್ದು ಆರುನೂರಾ ನಲವತ್ತೆರಡು."

ಸಿದ್ದಲಿಂಗವ್ವನ ದವಡೆ ನಿಂತಿತು. ಅವಳ ಹಿಂದಿದ್ದವರು ಸೆರಗು ಸರಿಮಾಡಿಕೊಳ್ಳತೊಡಗಿದರು. ಗುರುಸಂಗಪ್ಪ ತುಂಬಿ ಕೂತ ಹೆಂಗಸರನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಒಮ್ಮೆ ನೋಡಿದ. ಪೂಜೆ, ಪದ್ಧತಿ, ಅಪ್ಪ, ಯಾವುದೂ ಅವನ ಬಾಯಿಗೆ ಬರಲಿಲ್ಲ. ಸೀರೆಯನ್ನು ತಟ್ಟೆಯಿಂದ ಎತ್ತಿ ಪಕ್ಕಕ್ಕಿಟ್ಟು, ಬಗ್ಗಿ, ಗುಂಡಿಗಳ ಮೇಲಿನ ಟೇಪನ್ನು ಉಗುರಿನಿಂದ ಕೆರೆದು ಕಿತ್ತ. ಸೊನ್ನೆಯ ಗುಂಡಿ ಒತ್ತಿದ. ಎರಡು ಸಲ ಒತ್ತಿದ.

"ಬರಕತ್ ಅಂತ, ಬರಕತ್," ಎಂದು ಗೊಣಗಿದ.

"ನಾವೇನು ಬೇಡಿದ್ವೇನು? ನೀವ ತೂಗಿ ಕೊಟ್ರಿ, ನಾವು ಒಯ್ದ್ವಿ," ಎಂದಳು ಸಿದ್ದಲಿಂಗವ್ವ. ಆಮೇಲೆ ಶಂಭುಲಿಂಗನ ಕಡೆ ತಿರುಗಿ, "ಎಲ್ಲಿದ್ದೆಪಾ ನೀನು? ಒಂದ ಕುಪ್ಪಸದ ಬಟ್ಟಿ ಬರ್ತಿತ್ತು ವಾರಕ್ಕ, ಅದನ್ನೂ ಕಳದಿ," ಎಂದಳು. ಅವಳ ಮಾತಿನಲ್ಲಿ ನಾಚಿಕೆ ಇರಲಿಲ್ಲ, ಇದ್ದದ್ದು ಸಿಟ್ಟು.

ಗುರುಸಂಗಪ್ಪ ವೀರವ್ವನಿಗೆ, ಅವಳ ಮುಖ ನೋಡದೆ, "ಆತು ಹೋಗವಾ. ಶನಿವಾರ ನೂಲ ಬರ್ತೈತಿ," ಎಂದ.

"ಶನಿವಾರ ಬ್ಯಾಡ. ಇವತ್ತ ಕೊಡ್ರಿ. ನನ್ನ ಕಣ್ಣ ಮುಂದ ತೂಗಿ." ವೀರವ್ವ ಪರದೆಗೆ ಬೆರಳು ಚಾಚಿದಳು. "ಅದಕ್ಕೂ ಮೊದಲ ಅದರಾಗಿಂದ ನನ್ನ ಕಸರು ತಗೀರಿ."

ಮಧುಮತಿ ಕೈ ಚೆಲ್ಲಿದಳು. "ಬೀಗ ಐತಿ. ಇಂಜಿನೇರ್ರು ಹಾಕ್ಯಾರ. ಯಾರೂ ತಿದ್ದಬಾರದಂತ."

ಶಂಭುಲಿಂಗ ಅವಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತ. ಬೀಗ ತೆಗೆದ. ವೀರವ್ವ ಅವನ ಹೆಗಲ ಹಿಂದೆ ಬಂದು ನಿಂತಳು. ಅವಳ ಉಸಿರು ಅವನ ಕಿವಿಗೆ ತಾಗುತ್ತಿತ್ತು. ಅವನು ಹಳೆಯ ಅಂಕಿಗಳನ್ನು ಅಳಿಸಲಿಲ್ಲ. ಅವುಗಳ ಪಕ್ಕದ ಖಾಲಿ ಮನೆಯಲ್ಲಿ ಕೈಯಿಂದ ಟೈಪು ಮಾಡಿದ: ತಕ್ಕಡಿ ತಪ್ಪು, ನೇಯುವವರ ತಪ್ಪಲ್ಲ. ಅವಳ ಹಿಂದಿನ ಎರಡೂ ಸೋಮವಾರಗಳಿಗೆ, ಇವತ್ತಿನ ಐದುನೂರಾ ನಲವತ್ತೆಂಟಕ್ಕೂ ಅದನ್ನೇ ಬರೆದ. ಈ ಹಾಳೆಯಲ್ಲಿ ಮನುಷ್ಯನ ಬೆರಳು ಮುಟ್ಟಿದ್ದು ಅದೇ ಮೊದಲು.

"ಓದು," ಎಂದಳು ವೀರವ್ವ. ಓದಿದ. "ದೊಡ್ಡದಾಗಿ." ದೊಡ್ಡ ದನಿಯಲ್ಲಿ ಮತ್ತೊಮ್ಮೆ ಓದಿದ. ಗುರುಸಂಗಪ್ಪ ಬೇಡವೆನ್ನಲಿಲ್ಲ, ಗಾದಿಯ ಮೇಲೆ ಕೂತು ಕಿವಿ ಕೆರೆದುಕೊಂಡ.

ಆಮೇಲೆ ಶಂಭುಲಿಂಗ ಪ್ರೋಗ್ರಾಮು ತೆರೆದು, ಐವತ್ತರ ಕೆಳಗೆ ಸೊನ್ನೆ ತೋರಿಸು ಎಂಬ ಸಾಲನ್ನು ಕಿತ್ತುಹಾಕಿದ. ಅಷ್ಟೂ ದಿನ ಸತ್ತಂತೆ ಬಿದ್ದಿದ್ದ ಅಂಕಿ ಪರದೆಯ ಮೇಲೆ ಎದ್ದು ಕುಣಿಯತೊಡಗಿತು: ಎರಡು, ಮೈನಸ್ ಒಂದು, ಮೂರು, ಸೊನ್ನೆ, ಮೈನಸ್ ಎರಡು.

"ಯಾಕ ಹಂಗ ಮಾಡಾಕತ್ತೈತಿ?"

"ಫ್ಯಾನಿನ ಗಾಳಿಬೇ."

ವೀರವ್ವ ಗೋಡೆಯ ಹತ್ತಿರ ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿದಳು. ರೆಕ್ಕೆಗಳು ನಿಂತವು. ಅಂಕಿ ಸೊನ್ನೆಯ ಮೇಲೆ ನಿಂತಿತು. "ಈಗ ತೂಗ್ರಿ," ಎಂದಳು.

ಮಧುಮತಿ ನೂಲಿನ ಲಡಿಗಳನ್ನು ಒಂದೊಂದಾಗಿ ಇಡತೊಡಗಿದಳು. ಕಿಟಕಿ ಇಲ್ಲದ ಅಂಗಡಿ, ತುಂಬ ಜನ. ಎಲ್ಲರ ಕುತ್ತಿಗೆಯಲ್ಲೂ ಬೆವರು ಇಳಿಯಿತು. ಫ್ಯಾನು ಹಾಕಲು ಯಾರೂ ಏಳಲಿಲ್ಲ.

ಫೋನು ಮೂರನೆಯ ಸಲ ನಡುಗಿತು. ಶಂಭುಲಿಂಗ ಈ ಸಲ ಎತ್ತಿದ.

"ಎಲ್ಲಿ ಅದಿಯೋ ಮಾರಾಯಾ?" ಎಂದರು ನರಗುಂದದವರು. "ಬರ್ತಿಯೋ ಇಲ್ಲೋ? ಒಂದ ಮಾತು ಹೇಳು. ನಿನ್ನ ಮಿಶನ್ ಹಾಕಿದ್ರ ನಡುವ ಮನಷ್ಯಾ ಬೇಕಾಗಿಲ್ಲ, ಅಲ್ಲಾ? ನಮ್ಮ ತೂಗೂ ಹುಡುಗನ್ನ ಈ ತಿಂಗಳಿಗೆ ಬಿಡಿಸಿಬಿಡ್ತೀನಿ."

"ಬಿಡಿಸಬ್ಯಾಡ್ರಿ. ನೋಡಾಕ ಒಬ್ರು ಬೇಕಾಗ್ತಾರ."

"ಮತ್ತ ನೀ ಯಾಕ ಬೇಕಪಾ ನನಗ?"

ಬಂದು ಹೇಳುತ್ತೇನೆ ಎಂದ ಶಂಭುಲಿಂಗ. ಆ ಕಡೆ ಫೋನು ಆಗಲೇ ಕಟ್ಟಾಗಿತ್ತು. ಅವನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಬಂದ. ಬೈಕಿನ ಪೆಟ್ಟಿಗೆ ತೆರೆದು, ಕೇಬಲ್ಲುಗಳನ್ನು ನೋಡಿ, ಮುಚ್ಚಿದ. ನರಗುಂದಕ್ಕೆ ಹೋಗಬೇಕೋ ಬೇಡವೋ ಎಂದು ತಿಳಿಯದೆ ಕಿಕ್ ಹೊಡೆದ.

ಒಳಗಿಂದ ಸಿದ್ದಲಿಂಗವ್ವನ ದನಿ ಬಂತು: "ಅಕಿದು ಆತೆಲ್ರಿ, ಫ್ಯಾನ್ ಹಾಕ್ರಿ ಇನ್ನ! ಸಾಯ್ತೀವಿ!"

"ನಿಂದೂ ತೂಗಿ ಆಮ್ಯಾಲ ಹಾಕೂಣು," ಎಂದ ಗುರುಸಂಗಪ್ಪ.